ತಗಡಿನ ಮೇಲೆ ಬರೆದ ಬಣ್ಣ

1970ರ ಒಂದು ಡಾಡ್ಜ್ ಚಾಲೆಂಜರ್ ಕಾರು. ಬಾನೆಟ್ ಎತ್ತಿದರೆ ಎಡಗಡೆ ಮಡ್‌ಗಾರ್ಡಿನ ಒಳಬದಿಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ಪುಟ್ಟ ತಗಡು ಕಾಣುತ್ತದೆ. ಅದರ ತುಂಬ ಅಂಕಿ, ಅಕ್ಷರ. ಮೇಲಿನಿಂದ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ಈ ತಗಡನ್ನು ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಓದಬೇಕು! ಕೆಳಗಿನಿಂದ ಎರಡನೇ ಸಾಲಿನ ಎಡತುದಿಯಲ್ಲಿ ‘ಎಫ್‌ಸಿ7’ ಎಂದಿದ್ದರೆ ಆ ಕಾರು ಫ್ಯಾಕ್ಟರಿಯಿಂದ ಹೊರಬಿದ್ದಾಗ ಕಡು ನೇರಳೆಯಾಗಿತ್ತು. ಈಗ ಅದು ಬಿಳಿಯೋ ಕೆಂಪೋ, ಆ ಮಾತು ಬೇರೆ. ಹಳೆಯ ಕಾರಿಗೆ ಅದರ ಹುಟ್ಟುಬಣ್ಣ ಮರಳಿ ಹೊಡೆಯಲು ಹೊರಟವರಿಗೆ ಈ ತಗಡೇ ಮೊದಲ ಸುಳಿವು.

ಕ್ರೈಸ್ಲರ್ ಕಂಪನಿಯ ಈ ಕೋಡ್‌ಗೆ ಒಂದು ಲೆಕ್ಕಾಚಾರ ಇದೆ. ನಡುವಿನ ಅಕ್ಷರ ಬಣ್ಣದ ಮನೆತನ ಹೇಳುತ್ತದೆ. ‘ಬಿ’ ನೀಲಿ, ‘ಸಿ’ ನೇರಳೆ, ‘ವೈ’ ಹಳದಿ. ಕೊನೆಯ ಅಂಕಿ ಗಾಢತೆಯದು. 1 ಅಂದರೆ ತೀರಾ ತಿಳಿ, 9 ಅಂದರೆ ತೀರಾ ಕಡು. ಅದಕ್ಕೇ ಬಿಳಿಗೆ ‘ಡಬ್ಲ್ಯು1’, ಕಪ್ಪಿಗೆ ‘ಎಕ್ಸ್9’.

ಹೆಸರಿನ ಕಥೆ ಇನ್ನೂ ಮಜವಾಗಿದೆ. ಡಾಡ್ಜ್, ಪ್ಲೈಮೌತ್ ಎರಡೂ ಆಗ ಕ್ರೈಸ್ಲರ್‌ನ ಮಕ್ಕಳೇ. ಬಣ್ಣ ಒಂದೇ, ಕೋಡ್ ಒಂದೇ. ಆದರೆ ಎಫ್‌ಸಿ7ಗೆ ಡಾಡ್ಜ್ ಷೋರೂಮಿನಲ್ಲಿ ‘ಪ್ಲಮ್ ಕ್ರೇಜಿ’ ಎಂದರೆ ಪ್ಲೈಮೌತ್‌ನಲ್ಲಿ ‘ಇನ್-ವಯಲೆಟ್’. ‘ಇಕೆ2’ ಕಿತ್ತಳೆಗೆ ಡಾಡ್ಜ್‌ನಲ್ಲಿ ‘ಗೋ ಮ್ಯಾಂಗೋ’, ಪ್ಲೈಮೌತ್‌ನಲ್ಲಿ ‘ವೈಟಮಿನ್ ಸಿ’. ಹೆಸರು ಗಿರಾಕಿಗೆ, ಕೋಡ್ ಕೆಲಸಗಾರನಿಗೆ.

ಈ ತಗಡು ಇದ್ದದ್ದೇ ಕೆಲಸಗಾರರಿಗಾಗಿ. ಅಸೆಂಬ್ಲಿ ಲೈನಿನಲ್ಲಿ ಬರುವ ಕಾರಿಗೆ ಯಾವ ಬಣ್ಣ ಹೊಡೆಯಬೇಕು, ಯಾವ ಸೀಟು ಕೂರಿಸಬೇಕು ಅಂತ ಹೇಳುವ ಚೀಟಿ ಅದು. ಐವತ್ತು ವರ್ಷದ ನಂತರ ಯಾರೋ ಅದರ ಮುಂದೆ ಟಾರ್ಚ್ ಹಿಡಿದು ಕೂರುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಜನರಲ್ ಮೋಟರ್ಸ್ ಅದನ್ನು ಎಂಜಿನ್ ಹಿಂದಿನ ಗೋಡೆಗೆ ಹೊಡೆಯುತ್ತಿತ್ತು. ಅದರ ಷೆವರ್ಲೆ ಬ್ರ್ಯಾಂಡಿನ 1969ರ ಕಮಾರೊ ಕಾರಿನಲ್ಲಿ ‘72 72’ ಇದ್ದರೆ ಕೆಳಗಿನ ಮೈಗೂ ಮೇಲಿನ ಛಾವಣಿಗೂ ಹಗ್ಗರ್ ಆರೆಂಜ್ ಎಂಬ ಕಿತ್ತಳೆ. ‘72 ಬಿ’ ಇದ್ದರೆ ಮೇಲೆ ಬಣ್ಣದ ಬದಲು ಕಪ್ಪು ವಿನೈಲ್ ಹೊದಿಕೆ.

ವರ್ಷ ಗೊತ್ತಿಲ್ಲದೆ ಕೋಡ್ ಓದಿದರೆ ಮೋಸ ಹೋಗುವುದು ಗ್ಯಾರಂಟಿ. ಷೆವರ್ಲೆಯಲ್ಲಿ ‘ಆರ್’ ಅಂದರೆ 1966ರಲ್ಲಿ ರೀಗಲ್ ರೆಡ್, 1967ರಲ್ಲಿ ಬೊಲೆರೊ ರೆಡ್, 1968ರಲ್ಲಿ ಮ್ಯಾಟಡಾರ್ ರೆಡ್. ಕೆಲವು ಫೋರ್ಡ್ ಕಾರುಗಳ ಪ್ಲೇಟಿನಲ್ಲಂತೂ ಬಣ್ಣದ ಜಾಗ ಖಾಲಿಯೇ ಇರುತ್ತದೆ. ಅದು ಮರೆವಲ್ಲ. ಪಟ್ಟಿಯಲ್ಲಿಲ್ಲದ ಬಣ್ಣವನ್ನು ಯಾರೋ ಹೇಳಿ ಮಾಡಿಸಿಕೊಂಡಿದ್ದಾರೆ ಎಂಬುದರ ಗುರುತು. ಕ್ರೈಸ್ಲರ್ ಇಂಥದ್ದಕ್ಕೆ ‘999’ ಒತ್ತುತ್ತಿತ್ತು.

ಸರಿ, ಕೋಡ್ ಸಿಕ್ಕಿತು. ಬಣ್ಣದಂಗಡಿಗೆ ಹೋಗಿ ಡಬ್ಬಿ ತಂದರೆ ಮುಗಿಯಿತಾ? ನನ್ನ ಮಟ್ಟಿಗೆ ನಿಜವಾದ ವಿಜ್ಞಾನ ಶುರುವಾಗುವುದೇ ಇಲ್ಲಿ.

ಆ ಕಾಲದ ಉಜ್ವಲ ಹಳದಿ, ಕಿತ್ತಳೆಗಳಿಗೆ ಸೀಸದ ಕ್ರೋಮೇಟ್ ಪುಡಿಗಳೇ ಆಧಾರ. ಅವು ವಿಷ. ಹಾಗಾಗಿ ಇಂದಿನ ಬಣ್ಣಗಳಲ್ಲಿ ಅವುಗಳ ಜಾಗಕ್ಕೆ ಬೇರೆ ಪುಡಿಗಳು ಬಂದಿವೆ. ಹೊಸ ಪುಡಿ ಒಂದು ಬೆಳಕಿನಲ್ಲಿ ಹಳೆಯದರಂತೆಯೇ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಸೀರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಪಕ್ಕಾ ಮ್ಯಾಚಿಂಗ್ ಅನಿಸಿದ ಬ್ಲೌಸ್ ಪೀಸ್ ಬಾಗಿಲಿಗೆ ತಂದಾಗ ಕೈಕೊಡುತ್ತದೆ, ಅಲ್ವಾ? ಅದೇ ಆಟ. ವಿಜ್ಞಾನದಲ್ಲಿ ಇದಕ್ಕೆ ಮೆಟಾಮೆರಿಸಂ ಎಂದು ಹೆಸರು.

ಮೆಟಾಲಿಕ್ ಬಣ್ಣವಾದರೆ ತಲೆನೋವು ಇನ್ನೂ ಜಾಸ್ತಿ. ಅದರೊಳಗೆ ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ತೆಳುವಾಗಿ, ಬೇಗ ಒಣಗುವಂತೆ ಹೊಡೆದರೆ ಬಣ್ಣ ತಿಳಿಯಾಗುತ್ತದೆ. ದಪ್ಪವಾಗಿ ಒದ್ದೆ ಹೊಡೆದರೆ ಕಪ್ಪಿಡುತ್ತದೆ. ಅಂದರೆ ಒಂದೇ ಡಬ್ಬಿ, ಒಂದೇ ಕೋಡ್, ಆದರೂ ಸ್ಪ್ರೇ ಗನ್ ಹಿಡಿದ ಕೈ ಬದಲಾದರೆ ಬಣ್ಣ ಬದಲು. ‘ಫ್ಯಾಕ್ಟರಿ ಬಣ್ಣ’ ಅಂತ ಒಂದೇ ಒಂದು ಬಣ್ಣ ಅವತ್ತೂ ಇರಲಿಲ್ಲ.

ಅದಕ್ಕೇ ಪಳಗಿದವರು ಕೋಡ್ ಓದಿ ಸುಮ್ನೆ ಕೂರುವುದಿಲ್ಲ. ಡಿಕ್ಕಿಯ ಮ್ಯಾಟ್ ಎತ್ತುತ್ತಾರೆ. ಬಾಗಿಲಿನ ಒಳಹಲಗೆ ಬಿಚ್ಚುತ್ತಾರೆ. ಡ್ಯಾಶ್‌ಬೋರ್ಡಿನ ಹಿಂದೆ ಇಣುಕುತ್ತಾರೆ. ಬಿಸಿಲು ತಾಗದ ಆ ಮೂಲೆಗಳಲ್ಲಿ ಹಳೆಯ ಬಣ್ಣ ಉಳಿದಿರುತ್ತದೆ. ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣ ಹಿಡಿದು ಅದು ಯಾವ ತರಂಗದ ಬೆಳಕನ್ನು ಎಷ್ಟು ಹಿಂದಕ್ಕೆ ಕಳಿಸುತ್ತದೆ ಎಂದು ಅಳೆಯುತ್ತಾರೆ. ಮೆಟಾಲಿಕ್ ಆದರೆ ನಾಲ್ಕಾರು ಕೋನಗಳಿಂದ.

ಹಳೆಯ ಬಣ್ಣ ಸಿಗುವ ಇನ್ನೊಂದು ಜಾಗ ಯಾರೂ ಊಹಿಸದ್ದು. ಕೈಯಿಂದ ಬಣ್ಣ ಹೊಡೆಯುತ್ತಿದ್ದ ಕಾಲದಲ್ಲಿ ಗುರಿ ತಪ್ಪಿದ ಬಣ್ಣ ಕಾರು ಹೊರುವ ಸ್ಟ್ಯಾಂಡುಗಳ ಮೇಲೆ ಕೂರುತ್ತಿತ್ತು. ಕಾರಿನ ಜೊತೆ ಅದೂ ಒಲೆಗೆ ಹೋಗಿ ಬೆಂದು ಬರುತ್ತಿತ್ತು. ಮತ್ತೆ ಬಣ್ಣ, ಮತ್ತೆ ಒಲೆ. ಪದರದ ಮೇಲೆ ಪದರ ಸೇರಿ ಕಲ್ಲಿನಂತೆ ಗಟ್ಟಿಯಾದಾಗ ಕೆಲಸಗಾರರು ಒಡೆದು ಎಸೆಯುತ್ತಿದ್ದರು. ಕೆಲವರು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ದರು. ಇಂದು ಅದಕ್ಕೆ ‘ಫೋರ್ಡೈಟ್’ ಎಂದು ಹೆಸರು. ಕೊಯ್ದು, ಪಾಲಿಷ್ ಮಾಡಿ, ಉಂಗುರಕ್ಕೆ ಕೂರಿಸಿ ಮಾರುತ್ತಾರೆ.