ಸಕ್ರಿಯ ಗ್ಯಾಲಕ್ಸಿಗಳಲ್ಲಿ 10 ಕೆಇವಿ ದಾಟಿದ ಎಕ್ಸ್‌ರೇ ಏನು ಹೇಳುತ್ತದೆ?

ಸಕ್ರಿಯ ಗ್ಯಾಲಕ್ಸಿಯ ನಡುವೆ ದೈತ್ಯ ಕಪ್ಪುಕುಳಿ, ಅದರ ಸುತ್ತ ತಿರುಗುವ ಅನಿಲದ ತಟ್ಟೆ. ಇಷ್ಟು ಗೊತ್ತಿರುವುದೇ. ಆದರೆ ಗಡಸು ಎಕ್ಸ್‌ರೇ, ಅಂದರೆ ಸುಮಾರು 10 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್, ಫೋಟಾನ್‌ನ ಶಕ್ತಿಯ ಅಳತೆ) ದಾಟಿದ ಎಕ್ಸ್‌ರೇ, ಹೊಮ್ಮಿಸುವಷ್ಟು ಬಿಸಿ ಆ ತಟ್ಟೆಗಿಲ್ಲ. ಅದರಿಂದ ಬರುವುದು ಹೆಚ್ಚಾಗಿ ನೇರಳಾತೀತ ಬೆಳಕು. ಕಪ್ಪುಕುಳಿಗೆ ತೀರಾ ಹತ್ತಿರ ಕೊರೋನಾ ಎಂಬ ಭಾಗವಿದೆ. ಅಲ್ಲಿನ ಎಲೆಕ್ಟ್ರಾನ್‌ಗಳ ಉಷ್ಣತೆ ಸುಮಾರು 100 ಕೋಟಿ ಡಿಗ್ರಿ. ತಟ್ಟೆಯ ಬೆಳಕು ಇವುಗಳಿಗೆ ಮತ್ತೆ ಮತ್ತೆ ಬಡಿದು, ಶಕ್ತಿ ಏರಿಸಿಕೊಂಡು ಎಕ್ಸ್‌ರೇ ಆಗುತ್ತದೆ.

ಅದರಲ್ಲಿ ಒಂದು ಪಾಲು ನೇರ ನಮ್ಮ ಕಡೆ ಬರುತ್ತದೆ. ಇನ್ನೊಂದು ಪಾಲು ತಟ್ಟೆಗೆ ಬಿದ್ದು ಪ್ರತಿಫಲಿಸುತ್ತದೆ. ನನ್ನ ಪ್ರಕಾರ ಗಮನವಿಟ್ಟು ಓದಬೇಕಾದದ್ದು ಈ ಎರಡನೆಯದನ್ನೇ. ಇದರಲ್ಲಿ ಎರಡು ಗುರುತುಗಳಿವೆ: 6.4 ಕೆಇವಿಯಲ್ಲಿ ಕಬ್ಬಿಣದ ರೇಖೆ (ಕಬ್ಬಿಣದ ಪರಮಾಣುಗಳು ಆ ಒಂದು ಶಕ್ತಿಯಲ್ಲಿ ಹೊಮ್ಮಿಸುವ ಎಕ್ಸ್‌ರೇ), 20ರಿಂದ 30 ಕೆಇವಿ ಸುಮಾರಿಗೆ ಒಂದು ಉಬ್ಬು. ಉಬ್ಬು ಯಾಕೆ? ಕಡಿಮೆ ಶಕ್ತಿಯ ಫೋಟಾನ್‌ಗಳನ್ನು ಕಬ್ಬಿಣದಂಥ ಪರಮಾಣುಗಳು ನುಂಗಿಬಿಡುತ್ತವೆ. ತುಂಬಾ ಜಾಸ್ತಿ ಶಕ್ತಿಯವು ಎಲೆಕ್ಟ್ರಾನ್‌ಗೆ ಬಡಿದಾಗ ಶಕ್ತಿ ಕಳೆದುಕೊಂಡು ಕೆಳಗಿಳಿಯುತ್ತವೆ. ಎರಡೂ ಕಡೆ ಕಡಿಮೆಯಾದರೆ ನಡುವಿನದು ಎದ್ದು ಕಾಣಲೇಬೇಕು, ಅಲ್ವಾ?

ಎನ್‌ಜಿಸಿ 1365 ಗ್ಯಾಲಕ್ಸಿಯಲ್ಲಿ ಈ ಉಬ್ಬು ದೊಡ್ಡ ಜಗಳವನ್ನೇ ಬಗೆಹರಿಸಿತು. ಅಲ್ಲಿನ ಕಬ್ಬಿಣದ ರೇಖೆ ಅಗಲವಾಗಿ, ಒಂದು ಕಡೆಗೆ ಎಳೆದಂತೆ ಕಾಣುತ್ತಿತ್ತು. ವೇಗವಾಗಿ ತಿರುಗುವ ಕಪ್ಪುಕುಳಿಯ ಗುರುತ್ವ ಹಾಗೆ ಎಳೆದಿದೆ ಎಂದು ಕೆಲವರು. ಅಡ್ಡ ಬಂದ ಅನಿಲ ಮೋಡಗಳಿಂದಲೇ ಹಾಗೆ ಕಾಣುತ್ತಿದೆ ಎಂದು ಉಳಿದವರು. 10 ಕೆಇವಿ ಒಳಗಿನ ದತ್ತಾಂಶಕ್ಕೆ ಎರಡೂ ಹೊಂದುತ್ತಿದ್ದವು. 2012ರಲ್ಲಿ ಹಾರಿದ ಗಡಸು ಎಕ್ಸ್‌ರೇ ದೂರದರ್ಶಕ ನೂಸ್ಟಾರ್ ಮತ್ತು ಇನ್ನೊಂದು ಬಾಹ್ಯಾಕಾಶ ಎಕ್ಸ್‌ರೇ ದೂರದರ್ಶಕ ಎಕ್ಸ್‌ಎಂಎಂ-ನ್ಯೂಟನ್ ಒಟ್ಟಿಗೆ ನೋಡಿದಾಗ, ಬರೀ ಮೋಡದ ವಿವರಣೆ ಮೇಲಿನ ಶಕ್ತಿಗಳಿಗೆ ಹೊಂದಲಿಲ್ಲ. ಕಪ್ಪುಕುಳಿ ಗರಿಷ್ಠ ಮಿತಿಯ ಕನಿಷ್ಠ ಶೇ. 84ರಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು 2013ರಲ್ಲಿ ಪ್ರಕಟವಾಯಿತು.

ದಪ್ಪ ಅನಿಲದ ಹಿಂದೆ ಅಡಗಿದ ಗ್ಯಾಲಕ್ಸಿಗಳಿಗೂ ಗಡಸು ಎಕ್ಸ್‌ರೇಯೇ ಗತಿ, ಮೆದು ಎಕ್ಸ್‌ರೇ ದಾಟಿ ಬರುವುದಿಲ್ಲ.

ಇನ್ನು ಉಪಕರಣ. ಶಕ್ತಿ ಹೆಚ್ಚಿದಷ್ಟೂ ಎಕ್ಸ್‌ರೇ ಕನ್ನಡಿಯನ್ನು ಸವರಿಕೊಂಡಷ್ಟೇ ಹೋದರೆ ಮಾತ್ರ ಬಾಗುತ್ತದೆ. ಹಾಗಾಗಿ ನಾಭಿದೂರ, ಅಂದರೆ ಕನ್ನಡಿಯಿಂದ ಕಿರಣ ಒಂದೆಡೆ ಸೇರುವ ಜಾಗದವರೆಗಿನ ದೂರ, ಉದ್ದ ಬೇಕು. ನೂಸ್ಟಾರ್ ಕಕ್ಷೆ ಸೇರಿದ ಮೇಲೆ ಸುಮಾರು 10 ಮೀಟರ್ ತೋಳನ್ನು ಬಿಚ್ಚಿಕೊಂಡಿತು. ಒಂದರೊಳಗೊಂದು ಕೂರಿಸಿದ 133 ಪದರದ ಕನ್ನಡಿ, ಅದರ ಒಳಭಾಗದ ಚಿಪ್ಪುಗಳಿಗೆ ಪ್ಲಾಟಿನಂ-ಕಾರ್ಬನ್ ಲೇಪ. 78.4 ಕೆಇವಿ ದಾಟಿದರೆ ಪ್ಲಾಟಿನಂ ತಾನೇ ಎಕ್ಸ್‌ರೇ ಹೀರಿಕೊಳ್ಳುತ್ತದೆ. ನೂಸ್ಟಾರ್ ವ್ಯಾಪ್ತಿ 79 ಕೆಇವಿಗೆ ನಿಲ್ಲುವುದು ಇದಕ್ಕೇ. ಆದರೆ ಕೊರೋನಾದ ಉಷ್ಣತೆ ತಿಳಿಸುವ, ಎಕ್ಸ್‌ರೇ ಪ್ರಮಾಣ ಥಟ್ಟನೆ ಕುಸಿಯುವ ಇಳಿತ ಎಷ್ಟೋ ಗ್ಯಾಲಕ್ಸಿಗಳಲ್ಲಿ 100 ಕೆಇವಿ ಆಚೆಗಿದೆ. ಅಲ್ಲಿ 79ರೊಳಗೆ ಕಾಣುವ ಸಣ್ಣ ಬಾಗಿನಿಂದಲೇ ಲೆಕ್ಕ ಹಾಕಬೇಕು.