ಹಿಪ್ನೋಥೆರಪಿಯಲ್ಲಿ ಪ್ರಜ್ಞೆ ತಪ್ಪುತ್ತಾ?

ಪ್ರಶ್ನೆ: ಎಂಟು ವರ್ಷದಿಂದ ಐಬಿಎಸ್ (ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಪದೇಪದೇ ಕಾಡುವ ಕರುಳಿನ ತೊಂದರೆ). ಮಾತ್ರೆ, ಪಥ್ಯ ಎಲ್ಲಾ ಆಯ್ತು. ಹಿಪ್ನೋಥೆರಪಿಯಿಂದ (ಸಂಮೋಹನ ಚಿಕಿತ್ಸೆಯಿಂದ) ಗುಣ ಆಗುತ್ತಾ? ಪ್ರಜ್ಞೆ ತಪ್ಪಿಸಿ ಏನಾದರೂ ಬಾಯಿ ಬಿಡಿಸಿದರೆ ಅಂತ ಹೆದರಿಕೆ.

ಉತ್ತರ: ತುಂಬಾ ಜನರಿಗೆ ಹತೋಟಿಗೆ ಬರುತ್ತದೆ. ಮ್ಯಾಂಚೆಸ್ಟರಿನ ವೈದ್ಯ ಪೀಟರ್ ವೋರ್ವೆಲ್ ಮತ್ತು ಜೊತೆಗಾರರು 1984ರಲ್ಲಿ, ಯಾವ ಔಷಧಕ್ಕೂ ಬಗ್ಗದ 30 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. 2015ರಲ್ಲಿ ಅಲ್ಲಿನ ತಂಡ 1000 ರೋಗಿಗಳ ಲೆಕ್ಕ ಕೊಟ್ಟಿತು. ನೂರಕ್ಕೆ 76 ಜನರಿಗೆ ತೊಂದರೆ ಕಡಿಮೆಯಾಗಿತ್ತು. ಉಳಿದವರಿಗೆ ಅಷ್ಟು ಫಲ ಸಿಗಲಿಲ್ಲ, ಅದೂ ನೆನಪಿರಲಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ.

ಇನ್ನು ಹೆದರಿಕೆಯ ಮಾತು. ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ, ಆದರೂ ಮತ್ತೆ ಬರೆಯುತ್ತೇನೆ. ಪ್ರಜ್ಞೆ ತಪ್ಪುವುದಿಲ್ಲ. ನಿದ್ದೆಯೂ ಅಲ್ಲ. ನೀವು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುತ್ತೀರಿ. ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ, ಅದರ ಬಿಸಿ ಒಳಗೆ ಕರುಳಿಗೆ ಇಳಿಯುತ್ತಿದೆ ಅಂದುಕೊಳ್ಳಿ ಅಂತ ಚಿಕಿತ್ಸಕರು ಹೇಳುತ್ತಾರೆ. ಭೇದಿ ಜಾಸ್ತಿ ಇರುವವರಿಗೆ, ರಭಸದ ಹೊಳೆ ನಿಧಾನವಾಗಿ ಹರಿಯತೊಡಗಿದ್ದನ್ನು ಕಣ್ಮುಂದೆ ತಂದುಕೊಳ್ಳಲು ಹೇಳುತ್ತಾರೆ. ಹೊರಗಿನ ಹಾರ್ನ್ ಕೇಳಿಸುತ್ತಲೇ ಇರುತ್ತದೆ. ಕೆಮ್ಮು ಬಂದರೆ ಕೆಮ್ಮುತ್ತೀರಿ. ಬೇಡ ಅನ್ನಿಸಿದರೆ ಎದ್ದು ಬರುತ್ತೀರಿ. ಪುಸ್ತಕ ಓದುತ್ತಾ ಮುಳುಗಿದಾಗ ಅಡುಗೆಮನೆಯಿಂದ ಕರೆದದ್ದು ಅರ್ಧ ಕೇಳಿಸುತ್ತದಲ್ವಾ, ಹೆಚ್ಚುಕಡಿಮೆ ಹಾಗೆ. ಗುಟ್ಟು ಬಾಯಿ ಬಿಡಿಸುವ ಪ್ರಶ್ನೆಯೇ ಬರುವುದಿಲ್ಲ. ಹೆಚ್ಚು ಹೊತ್ತು ಮಾತಾಡುವವರು ಅವರು, ನೀವು ಕೇಳುವವರು.

ಇನ್ನೊಂದು ವಿಷಯ. ಮ್ಯಾಂಚೆಸ್ಟರಿನ ಆ 1000 ರೋಗಿಗಳನ್ನು 12 ಸಲ ಕೂರಿಸಿದ್ದರು. ನಡುವೆ ಮನೆಯಲ್ಲಿ ದಿನಾ ಧ್ವನಿಮುದ್ರಣ ಕೇಳುತ್ತಾ ಒಬ್ಬರೇ ಅಭ್ಯಾಸ ಮಾಡಬೇಕು. ಯಾರೂ ಇಲ್ಲದ ಕೋಣೆಯಲ್ಲಿ ನೀವು ಯಾರ ವಶದಲ್ಲಿರುತ್ತೀರಿ, ಹೇಳಿ? ಕಲಿಯುವವರು ನೀವು, ಮಾಡುವವರೂ ನೀವೇ. ಹಿಪ್ನಾಟಿಸಂ ಪ್ರದರ್ಶನಗಳಲ್ಲಿ ವೇದಿಕೆಯ ಮೇಲೆ ಕುಣಿಯುವವರನ್ನು ನೋಡಿ ಹೆದರಬೇಡಿ. ಅವರು ತಾವಾಗಿ ಕೈಯೆತ್ತಿ ಹೋದವರು, ಅದರಲ್ಲೂ ಆರಿಸಿ ಉಳಿಸಿಕೊಂಡವರು.

ಹಾಗಾದರೆ ಈ ಹೆಸರು ಯಾಕೆ ಬಂತು? ಗ್ರೀಕಿನಲ್ಲಿ ಹಿಪ್ನೋಸ್ ಅಂದರೆ ನಿದ್ದೆ. ಅದರಿಂದ ಹಿಪ್ನಾಟಿಸಂ ಅನ್ನುವ ಪದವನ್ನು 1840ರ ದಶಕದಲ್ಲಿ ಬಳಕೆಗೆ ತಂದ ವೈದ್ಯ ಜೇಮ್ಸ್ ಬ್ರೇಡ್ ಇದ್ದದ್ದೂ ಮ್ಯಾಂಚೆಸ್ಟರಿನಲ್ಲೇ. ಇದು ನಿದ್ದೆಯಲ್ಲ, ಮನಸ್ಸು ಒಂದೇ ವಿಚಾರದ ಮೇಲೆ ನಿಲ್ಲುವುದು ಅಂತ ಅವರಿಗೇ ಆಮೇಲೆ ಅನ್ನಿಸಿತು. 1847ರಲ್ಲಿ ಮೊನೊಐಡಿಸಂ ಅಂತ ಬೇರೆ ಹೆಸರು ಸೂಚಿಸಿದರು. ಅಷ್ಟರಲ್ಲಿ ಹಳೇ ಹೆಸರೇ ಜನರ ಬಾಯಲ್ಲಿ ಕೂತುಬಿಟ್ಟಿತ್ತು.