ಫಾಂಡಂಟ್: ಕೇಕಿಗೆ ಹೊದಿಸುವ ಸಕ್ಕರೆ ಹಾಳೆ

ಪಾರ್ಟಿ ಕೇಕಿನ ಮೇಲೆ ಚೂರೂ ಸುಕ್ಕಿಲ್ಲದ ನುಣುಪಾದ ಹೊದಿಕೆ ಇರುತ್ತದಲ್ಲ, ಅದರ ಮೇಲೆ ಪುಟ್ಟ ಕರಡಿ, ನಕ್ಷತ್ರ, ಹೂವು ಕೂತಿರುತ್ತವಲ್ಲ, ಅದೇ ಫಾಂಡಂಟ್. ಹೆಚ್ಚುಕಮ್ಮಿ ಪೂರ್ತಿ ಸಕ್ಕರೆಯಿಂದಲೇ ಆದ ಮೆತ್ತನೆಯ ಮುದ್ದೆ ಅದು. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಹಾಗೆ ಹೇಳಿದ ಮಾತು ಕೇಳುತ್ತದೆ: ಲಟ್ಟಿಸಿದರೆ ಹಾಳೆಯಾಗುತ್ತದೆ, ತಿದ್ದಿದರೆ ಗೊಂಬೆಯಾಗುತ್ತದೆ.

ಫಾಂಡಂಟ್‌ನಲ್ಲಿ ಎರಡು ಬಗೆ ಇದೆ. ಹಳೆಯದು ಸುರಿಯುವ ಫಾಂಡಂಟ್. ಸಕ್ಕರೆ, ನೀರು, ಸ್ವಲ್ಪ ಗ್ಲೂಕೋಸ್ ಸಿರಪ್ ಸೇರಿಸಿ 112ರಿಂದ 116 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ಮೆತ್ತನೆಯ ಉಂಡೆ ಪಾಕ ಬರುವ ತನಕ ಕುದಿಸುತ್ತಾರೆ. ಅದನ್ನು ಆರಿಸಿ ಚೆನ್ನಾಗಿ ತಿರುವಿದಾಗ ತಿಳಿಯಾಗಿದ್ದ ಪಾಕ ಬೆಳ್ಳಗಾಗುತ್ತದೆ. ಸಕ್ಕರೆಯ ಹರಳುಗಳು ಎಷ್ಟು ಸಣ್ಣಗಾಗುತ್ತವೆ ಅಂದ್ರೆ ನಾಲಿಗೆಗೆ ತರಿ ಗೊತ್ತೇ ಆಗುವುದಿಲ್ಲ. ಎಕ್ಲೇರ್ ಅನ್ನುವ ಕ್ರೀಮ್ ತುಂಬಿದ ಉದ್ದನೆಯ ಪೇಸ್ಟ್ರಿಯ ಮೇಲಿನ ಹೊಳಪು, ಕೆಲವು ಚಾಕೊಲೇಟ್‌ಗಳ ಒಳಗಿನ ಬಿಳಿ ಹೂರಣ ಈ ಬಗೆಯದು.

ಮನೆಯಲ್ಲಿ ಕೇಕ್ ಅಲಂಕರಿಸುವವರು ಫಾಂಡಂಟ್ ಅಂದಾಗ ಅವರ ಮನಸ್ಸಿನಲ್ಲಿರುವುದು ಎರಡನೆಯದು, ಲಟ್ಟಿಸುವ ಫಾಂಡಂಟ್. ಇದರ ಮೂಲ ಐಸಿಂಗ್ ಶುಗರ್, ಅಂದರೆ ನುಣ್ಣಗೆ ಪುಡಿ ಮಾಡಿದ ಸಕ್ಕರೆ. ಜೆಲಟಿನ್ ಹಾಕುವುದು ಹಾಳೆ ಹರಿಯದೆ ಹಿಗ್ಗಲಿ ಅಂತ. ಗ್ಲೂಕೋಸ್ ಸಿರಪ್ ಇದ್ದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ. ಗ್ಲಿಸರಿನ್ ತೇವ ಹಿಡಿದಿಟ್ಟು ಮೆತ್ತಗಿಡುತ್ತದೆ. ನಾದುವಾಗ ಕೈಗೆ ಅಂಟದಿರಲು ಸ್ವಲ್ಪ ಗಟ್ಟಿ ಜಿಡ್ಡು. ಇಷ್ಟೆಲ್ಲ ಹೊಂದಿಸುವುದು ಕಷ್ಟ ಅನ್ನಿಸಿದರೆ ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆಯ ಮಿಠಾಯಿ ಕರಗಿಸಿ, ಅದಕ್ಕೆ ಸುಮಾರು ಎರಡರಷ್ಟು ತೂಕದ ಐಸಿಂಗ್ ಶುಗರ್ ಸೇರಿಸಿ ನಾದಿದರೂ ಒಳ್ಳೆಯ ಫಾಂಡಂಟ್ ಆಗುತ್ತದೆ. ಒಂದು ಮಾತು: ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವ ಪದಾರ್ಥ. ಮಾರ್ಷ್‌ಮ್ಯಾಲೋದಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ. ಸಸ್ಯಾಹಾರಿ ಅತಿಥಿಗಳಿದ್ದರೆ ಪೊಟ್ಟಣದ ಮೇಲಿನ ಪಟ್ಟಿ ಓದಿ. ಜೆಲಟಿನ್ ಬದಲು ಸಸ್ಯದ ಅಂಟು ಹಾಕಿದ ಫಾಂಡಂಟ್ ಸಿಗುತ್ತದೆ.

ಇನ್ನು ಅದರ ಸ್ವಭಾವ. ಫಾಂಡಂಟ್ ಕೊಡುವ ತೊಂದರೆಗಳೆಲ್ಲ ಬಹುಪಾಲು ಒಂದೇ ಕಡೆಯಿಂದ ಬರುತ್ತವೆ: ಸಕ್ಕರೆ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ, ಗಾಳಿ ಒಣಗಿದ್ದರೆ ಮುದ್ದೆ ತನ್ನ ತೇವ ಬಿಟ್ಟುಕೊಡುತ್ತದೆ. ಇದೊಂದು ಅರ್ಥವಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಒಣ ಗಾಳಿಯಲ್ಲಿ ತೆರೆದಿಟ್ಟರೆ ಇದ್ದ ತೇವ ಹೋಗಿ ಮೇಲ್ಮೈ ಬಿರಿಯುತ್ತದೆ, ಆನೆಯ ಚರ್ಮದ ಹಾಗೆ ಸಣ್ಣ ಸಣ್ಣ ಗೆರೆ ಬೀಳುತ್ತದೆ. ಆಗ ಚೂರು ಜಿಡ್ಡು ಸವರಿಕೊಂಡು ಮತ್ತೆ ನಾದಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಉಲ್ಟಾ, ಅಂಟಂಟಾಗುತ್ತದೆ. ಫ್ರಿಜ್‌ನಿಂದ ಹೊರತೆಗೆದ ಕೇಕ್ ಬೆವರುವುದೂ ಇದಕ್ಕೇ. ತಣ್ಣಗಿನ ಮೇಲ್ಮೈ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ. ಹಾಗಾದಾಗ ಒರೆಸಲು ಹೋಗಬೇಡಿ, ಬೆರಳಿನ ಗುರುತು ಹಾಗೇ ಉಳಿದುಬಿಡುತ್ತದೆ. ಮುಟ್ಟದೆ ಬಿಟ್ಟರೆ ತಾನಾಗಿ ಆರುತ್ತದೆ. ಫ್ರಿಜ್‌ನಲ್ಲಿ ಇಡಲೇಬೇಕಾದರೆ ರಟ್ಟಿನ ಪೆಟ್ಟಿಗೆಯೊಳಗಿಟ್ಟು, ಹೊರತೆಗೆದ ಮೇಲೂ ಕೇಕಿನ ತಂಪು ಬಿಡುವ ತನಕ ಪೆಟ್ಟಿಗೆ ತೆರೆಯದಿರುವುದು ಒಳ್ಳೆಯದು.

ವಿಪ್ಡ್ ಕ್ರೀಮ್ ಮೇಲೆ ಫಾಂಡಂಟ್ ನಿಲ್ಲುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ. ಕ್ರೀಮಿನ ನೀರು ಸಕ್ಕರೆ ಹಾಳೆಯನ್ನು ಒಳಗಿನಿಂದ ಕರಗಿಸುತ್ತದೆ. ಅದಕ್ಕೆ ಕೆಳಗಿನ ಪದರ ಬೆಣ್ಣೆ, ಸಕ್ಕರೆ ಕಡೆದ ಬಟರ್‌ಕ್ರೀಮ್ ಅಥವಾ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿದ ಗನಾಶ್ ಆಗಿರಲಿ. ಮೊದಲು ತೆಳುವಾಗಿ ಬಳಿದು ಕೇಕಿನ ಪುಡಿಯನ್ನೆಲ್ಲ ಹಿಡಿದಿಡುವ ಕ್ರಂಬ್ ಕೋಟ್, ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ. ಹೆಚ್ಚಿನ ಗಮನ ಬೇಕಾಗುವುದು ಇಲ್ಲೇ. ಕೆಳಗೆ ಒಂದು ತಗ್ಗು ಉಳಿದರೂ ಫಾಂಡಂಟ್ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಕೇಕ್ ಕೂಡ ಸ್ವಲ್ಪ ಗಟ್ಟಿ ಇರಬೇಕು. ತೀರಾ ಹಗುರವಾದ ಸ್ಪಂಜ್ ಭಾರಕ್ಕೆ ಕುಸಿದು ಪಕ್ಕಕ್ಕೆ ಉಬ್ಬುತ್ತದೆ.

ಹಾಳೆಯ ಅಳತೆ ಸುಲಭ: ಕೇಕಿನ ಅಗಲ, ಎರಡು ಬದಿಯ ಎತ್ತರ, ಜೊತೆಗೆ ನಾಲ್ಕೈದು ಸೆಂಟಿಮೀಟರ್ ಹೆಚ್ಚಿಗೆ. 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಕೇಕಿಗೆ ಸುಮಾರು 45 ಸೆಂಟಿಮೀಟರಿನ ವೃತ್ತ ಬೇಕು. ದಪ್ಪ 3ರಿಂದ 4 ಮಿಲಿಮೀಟರ್ ಸಾಕು, ಅಷ್ಟಕ್ಕೆ 750ರಿಂದ 900 ಗ್ರಾಂ ಹಿಡಿಯುತ್ತದೆ. ಇನ್ನೂ ತೆಳುವಾದರೆ ಹರಿಯುತ್ತದೆ, ದಪ್ಪವಾದರೆ ತಿನ್ನಲು ಕಷ್ಟ. ಐಸಿಂಗ್ ಶುಗರ್ ಅಥವಾ ಕಾರ್ನ್‌ಫ್ಲೋರ್ ಉದುರಿಸಿಕೊಂಡು ಲಟ್ಟಿಸಿ. ಲಟ್ಟಣಿಗೆಗೆ ಸುತ್ತಿಕೊಂಡು ಎತ್ತಿ ಕೇಕಿನ ಮೇಲೆ ಬಿಚ್ಚಿ. ಮೊದಲು ಮೇಲ್ಭಾಗ, ಆಮೇಲೆ ಅಂಚು, ಕೊನೆಗೆ ಬದಿಗಳನ್ನು ಅಂಗೈಯಿಂದ ಸವರುತ್ತಾ ಬನ್ನಿ. ನೆರಿಗೆ ಬಿದ್ದರೆ ಒತ್ತಬೇಡಿ. ಹಾಳೆಯ ತುದಿಯನ್ನು ಮೆಲ್ಲಗೆ ಹೊರಕ್ಕೆ ಎಳೆದು ನೆರಿಗೆ ಬಿಡಿಸಿ, ಮತ್ತೆ ಸವರಿ. ಗಾಳಿಗುಳ್ಳೆ ಕಂಡರೆ ಸಣ್ಣ ಸೂಜಿ ಓರೆಯಾಗಿ ಚುಚ್ಚಿ ಗಾಳಿ ಹೊರಡಿಸಬಹುದು. ಚುಚ್ಚಿದ ಸೂಜಿಯನ್ನು ಕೂಡಲೇ ದೂರ ಎತ್ತಿಡುವುದು ಮರೆಯಬಾರದು.

ಬಣ್ಣಕ್ಕೆ ಜೆಲ್ ಬಣ್ಣವೇ ಬೇಕು. ನೀರಿನಂಥ ಬಣ್ಣ ಹಾಕಿದರೆ ಮತ್ತೆ ಅದೇ ತೇವದ ಸಮಸ್ಯೆ. ಕಡುಗೆಂಪು, ಕಪ್ಪು ಬರಿಸಲು ತುಂಬಾ ಬಣ್ಣ ಬೇಕಾಗುತ್ತದೆ, ಮುದ್ದೆ ಸಡಿಲವಾಗಿ ರುಚಿಯೂ ಕಹಿಯಾಗುತ್ತದೆ. ಆ ಎರಡನ್ನು ಸಿದ್ಧ ಬಣ್ಣದಲ್ಲೇ ಕೊಳ್ಳುವುದು ಜಾಣತನ. ಗೊಂಬೆ ನೆಟ್ಟಗೆ ನಿಲ್ಲಬೇಕಾದರೆ ಫಾಂಡಂಟ್‌ಗೆ ಚಿಟಿಕೆ ಟೈಲೋಸ್ ಪುಡಿ (ತಿನ್ನಬಹುದಾದ ಅಂಟಿನ ಪುಡಿ) ಸೇರಿಸಿ ನಾದುತ್ತಾರೆ, ಬೇಗ ಗಟ್ಟಿಯಾಗುತ್ತದೆ. ತೆಳು ಎಸಳಿನ ಹೂವಿಗೆ ಗಮ್ ಪೇಸ್ಟ್ ಅನ್ನುವ ಬೇರೆ ಮುದ್ದೆಯೇ ಇದೆ. ಅದು ಒಣಗಿದರೆ ಪಿಂಗಾಣಿಯಷ್ಟು ಗಡಸು. ಗೊಂಬೆಯೊಳಗೆ ಟೂತ್‌ಪಿಕ್ ಚುಚ್ಚಿದ್ದರೆ ಮಕ್ಕಳಿಗೆ ಕೊಡುವ ಮೊದಲು ತೆಗೆಯಲೇಬೇಕು.

ರುಚಿಯ ವಿಷಯಕ್ಕೆ ಬಂದರೆ, ಫಾಂಡಂಟ್ ಬರೀ ಸಿಹಿ. ಕೇಕಿನ ರುಚಿ ಇರಬೇಕಾದದ್ದು ಒಳಗೆ, ಹಾಗಾಗಿ ಒಳಪದರಗಳ ಕ್ರೀಮಿಗೆ ಸಿಹಿ ಕಡಿಮೆ ಹಾಕಿ, ಚೂರು ಉಪ್ಪು ಅಥವಾ ನಿಂಬೆ ಹುಳಿ ಬೆರೆಸಿದರೆ ಸಮವಾಗುತ್ತದೆ. ಯಾರಾದರೂ ಹೊದಿಕೆ ಸುಲಿದಿಟ್ಟು ಕೇಕ್ ಮಾತ್ರ ತಿಂದರೆ ಬೇಸರ ಬೇಡ, ಸುಮಾರು ಜನ ಹಾಗೇ ತಿನ್ನುತ್ತಾರೆ. ಸಿದ್ಧವಾದ ಕೇಕನ್ನು ಬಿಸಿಲು ಬೀಳದ, ತಂಪಾದ ಜಾಗದಲ್ಲಿಡಿ. ಬಿಸಿಲಿಗೆ ಗುಲಾಬಿ, ನೇರಳೆ ಬಣ್ಣಗಳು ಬೇಗ ಮಾಸುತ್ತವೆ. ಮಿಕ್ಕ ಫಾಂಡಂಟ್‌ಗೆ ತೆಳುವಾಗಿ ಜಿಡ್ಡು ಸವರಿ, ಕ್ಲಿಂಗ್ ಫಿಲ್ಮ್ ಬಿಗಿಯಾಗಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನ ಹೊರಗೇ ಇಡಿ. ಮತ್ತೆ ಬೇಕಾದಾಗ ಕೈಯ ಬಿಸಿಗೆ ನಾದಿದರೆ ಮೆತ್ತಗಾಗುತ್ತದೆ.